ಮೂಸಬಾರದ ಕಡ್ಡಿಯ ಜಾಹೀರಾತು

ಸಂಬಳದ ಪಟ್ಟಿಯಲ್ಲಿ ನಾನು ಅನುವಾದಕಿ. ಕೇಳಿದವರಿಗೆಲ್ಲ ಬರಹಗಾರ್ತಿ ಎಂದು ಹೇಳಿಕೊಳ್ಳುತ್ತಿದ್ದೆ. ರಾಜಾಜಿನಗರದಲ್ಲಿ ಒಂದು ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ನಮ್ಮ ಜಾಹೀರಾತು ಕಚೇರಿಗೆ ಬಾಂಬೆಯ ಮುಖ್ಯ ಕಚೇರಿಯಿಂದ ಸೋಪು, ಟಾನಿಕ್ಕು, ಫ್ಯಾನುಗಳ ಇಂಗ್ಲಿಷ್ ಬರಹ ಅಂಚೆಯಲ್ಲಿ ಬರುತ್ತಿತ್ತು. ಅದನ್ನು ಕನ್ನಡಕ್ಕೆ ತಿರುಗಿಸಿ, ಅವರು ಬಿಟ್ಟಷ್ಟು ಜಾಗದಲ್ಲಿ ತುರುಕುವುದು ನನ್ನ ಕೆಲಸ. ಸೋಪಿನ ಜಾಹೀರಾತಿನ ಬಾಂಬೆಯ ಹೆಂಗಸು ಸ್ನಾನ ಮುಗಿಸಿ ತನ್ನ ಚರ್ಮದ ಸೊಗಸನ್ನು ತಾನೇ ಹಾಡಿ ಹೊಗಳಿಕೊಳ್ಳುತ್ತಿದ್ದಳು. ನಮ್ಮ ವಿಜಯನಗರದಲ್ಲಿ ಸ್ನಾನ ಮುಗಿಸಿದ ಹೆಂಗಸು ಒಲೆಯ ಮೇಲಿಟ್ಟ ಹಾಲು ಉಕ್ಕೀತೆಂದು ಅಡುಗೆಮನೆಗೆ ಓಡುತ್ತಾಳೆ. ಕನ್ನಡದ ಜಾಹೀರಾತನ್ನು ಕನ್ನಡದಲ್ಲೇ ಬರೆಯಬೇಕು ಎಂದು ನಾನು ನಮ್ಮ ಮ್ಯಾನೇಜರರ ತಲೆ ತಿನ್ನುತ್ತಲೇ ಇದ್ದೆ.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯ ಕೊನೆಗೆ ಅವರಿಗೂ ಸಾಕಾಗಿರಬೇಕು. ಕಾಗದದಲ್ಲಿ ಸುತ್ತಿದ ಗಂಧದಕಡ್ಡಿಯ ಕಟ್ಟೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಮ್ಯಾನೇಜರರು ನನ್ನ ತಂದೆಯ ವಯಸ್ಸಿನವರು. ಕೋಪ ಬಂದಾಗಲೂ ಅಮ್ಮ ಎಂದೇ ಕರೆಯುತ್ತಿದ್ದರು.

"ತಗೊಳ್ಳಮ್ಮ. ದವನದ ಕಡ್ಡಿ. ಮಾಗಡಿ ರೋಡಿನ ಪಾರ್ಟಿ. ಇಂಗ್ಲಿಷ್ ಬೇಡವೇ ಬೇಡ ಅಂತಾರೆ. ನೀನೇ ಬರಿ."

ನಾನು ಎದ್ದೇ ನಿಂತುಬಿಟ್ಟೆ.

"ಕೂತ್ಕೊ, ಕೂತ್ಕೊ. ಶ್ರಾವಣದಲ್ಲಿ ಕಡ್ಡಿ ಓಡಬೇಕು. ಓಡ್ಲಿಲ್ಲ ಅಂದ್ರೆ, ಈ ಕನ್ನಡದಲ್ಲೇ ಬರೆಯೋ ವಿಷಯ ಇನ್ನೊಂದ್ಸಲ ನನ್ನ ಹತ್ರ ಎತ್ತಬಾರದು. ಬಾಂಬೆಯವರು ಬರೀತಾರೆ, ನೀನು ಕನ್ನಡ ಮಾಡ್ತೀಯ. ಒಪ್ಪಿಗೇನಾ?"

ಒಪ್ಪಿಗೆ ಎಂದೆ. ಆ ಸಂಜೆ ಬಸ್ಸಿಗೂ ಕಾಯದೆ ಮನೆಯವರೆಗೆ ನಡೆದೇ ಹೋದೆ. ಅಷ್ಟು ಖುಷಿಯಾಗಿತ್ತು.

ಖುಷಿ ಇಳಿದದ್ದು ಕಾಗದ ಮುಂದಿಟ್ಟುಕೊಂಡು ಕೂತಾಗ. ಸೋಪಾದರೆ ನೊರೆ ತೋರಿಸಬಹುದು. ಫ್ಯಾನಾದರೆ ಹಾರುವ ಸೆರಗು ತೋರಿಸಬಹುದು. ರೇಡಿಯೊ ಮಾರುವವನಿಗೆ ಹಾಡಿದೆ. ಗಂಧದಕಡ್ಡಿಯನ್ನು ಪತ್ರಿಕೆಯಲ್ಲಿ ತೋರಿಸಿದರೆ ಅದು ಬರೀ ಒಂದು ಕಡ್ಡಿ, ರೇಡಿಯೊದಲ್ಲಿ ಕೇಳಿಸಿದರೆ ಏನೂ ಇಲ್ಲ. ಮೂಗಿಗೆ ಸೇರಬೇಕಾದದ್ದನ್ನು ಕಣ್ಣಿನಲ್ಲೋ ಕಿವಿಯಲ್ಲೋ ತೂರಿಸಬೇಕು. ಬೇರೆಯವರು ಏನು ಮಾಡಿದ್ದಾರೆ ನೋಡೋಣವೆಂದು ಹಳೆಯ ಪತ್ರಿಕೆಗಳ ಜಾಹೀರಾತು ಕತ್ತರಿಸಿ ಹರಡಿಕೊಂಡೆ. ಒಬ್ಬರದು ಮನಮೋಹಕ ಪರಿಮಳ, ಇನ್ನೊಬ್ಬರದು ದಿವ್ಯ ಸುವಾಸನೆ, ಮತ್ತೊಬ್ಬರದು ದಿವ್ಯ ಮನಮೋಹಕ ಸುವಾಸನೆ. ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿದರೆ ಯಾವುದು ಯಾರದೆಂದು ತಯಾರಿಸಿದವರಿಗೂ ಗೊತ್ತಾಗುವಂತಿರಲಿಲ್ಲ.

ದವನದ ತೊಂದರೆ ಇನ್ನೂ ಒಂದು ಕೈ ಮೇಲು. ಮಲ್ಲಿಗೆ ಎಂದರೆ ಕಣ್ಣ ಮುಂದೆ ಹೂ ಬರುತ್ತದೆ. ದವನ ಹೂವೂ ಅಲ್ಲ. ಹೂವಿನ ದಂಡೆಯ ನಡುವೆ ಅಲ್ಲಲ್ಲಿ ಸಿಕ್ಕಿಸುವ ಬೂದುಹಸಿರು ಸೊಪ್ಪು. ಅದರ ಪರಿಮಳ ಹೇಗಿರುತ್ತದೆ ಹೇಳಿ ಎಂದು ನಮ್ಮ ಅತ್ತೆಯನ್ನು ಕೇಳಿದೆ. "ದವನದ ಹಾಗಿರತ್ತೆ" ಎಂದರು. ಇದಕ್ಕಿಂತ ಸರಿಯಾದ ಉತ್ತರ ನನಗೆ ಇಂದಿಗೂ ಸಿಕ್ಕಿಲ್ಲ.

ಕಡ್ಡಿ ಮಾಡುವುದನ್ನು ನೋಡಿದರೆ ಏನಾದರೂ ಹೊಳೆಯಬಹುದೆಂದು ಮಾಗಡಿ ರಸ್ತೆಗೆ ಹೋದೆ. ಸುಂಕದಕಟ್ಟೆಗೆ ಸ್ವಲ್ಪ ಈಚೆ ಶೀಟು ಹೊದಿಸಿದ ಶೆಡ್ಡು. ಯಜಮಾನರು ಅಲ್ಲಿಯ ಹಳೆಯ ಒಕ್ಕಲು ಮನೆತನದವರು. ಹೊಲದ ಒಂದು ಮೂಲೆಯಲ್ಲಿ ಶೆಡ್ಡು ಹಾಕಿ, ಉಳಿದದ್ದರಲ್ಲಿ ಇನ್ನೂ ದವನ ಬೆಳೆಯುತ್ತಿದ್ದರು. ಒಳಗೆ ಸಾಲಾಗಿ ಕೂತ ಹೆಂಗಸರು ಇದ್ದಿಲ ಪುಡಿಗೆ ಅಂಟಿನ ಪುಡಿ ಸೇರಿಸಿ ಕಲಸಿದ ಕಪ್ಪು ಹಿಟ್ಟನ್ನು ಮಣೆಯ ಮೇಲೆ ಬಿದಿರಿನ ಕಡ್ಡಿಗೆ ಹೊಸೆಯುತ್ತಿದ್ದರು. ಒಣಗಿದ ಕಡ್ಡಿಗಳನ್ನು ದವನದ ಎಣ್ಣೆಯಲ್ಲಿ ಅದ್ದಿ ಮತ್ತೆ ಒಣಗಿಸಬೇಕು, ಈ ಸಲ ನೆರಳಿನಲ್ಲಿ. ಬಿಸಿಲಿಗಿಟ್ಟರೆ ಎಣ್ಣೆಯ ಸತ್ವವೆಲ್ಲ ಹಾರಿಹೋಗುತ್ತದೆ. ನಾನು ಎಲ್ಲವನ್ನೂ ಕೇಳಿ ತಿಳಿದುಕೊಂಡೆ. ಯಾವುದೂ ಜಾಹೀರಾತಿಗೆ ಆಗುವಂತೆ ಕಾಣಲಿಲ್ಲ.

"ಹೊರಗಿನ ಎಸೆನ್ಸು ಒಂದ್ ತೊಟ್ಟೂ ಹಾಕಲ್ಲ ಕಣಮ್ಮ" ಎಂದರು ಯಜಮಾನರು. "ಒಂದ್ಸಲ ಹಚ್ಚಿದ್ರೆ ಸಾಕು, ಬೀದಿಗೇ ಗೊತ್ತಾಯ್ತದೆ. ಹಚ್ಚೋಕೆ ಮುಂಚೆ ಹೆಂಗೆ ಗೊತ್ತು ಮಾಡೋದು, ಅದೇ ನಂಗೆ ತಿಳೀದು. ಅದ್ಕೇ ನಿಮ್ಮನ್ನ ಹುಡುಕ್ಕೊಂಡು ಬಂದಿದ್ದು."

ಮೊದಲ ಪ್ರಯತ್ನ ಹೊಗೆಯದು. ಪರಿಮಳ ಕಾಣದಿದ್ದರೂ ಹೊಗೆ ಕಾಣುತ್ತದಲ್ಲ ಎಂದು ನಮ್ಮ ಕಚೇರಿಯ ಕಲಾವಿದರು ಕಡ್ಡಿಯ ತುದಿಯಿಂದ ಬಳ್ಳಿಯಂತೆ ಏಳುವ ಹೊಗೆ ಬರೆದರು. ಡ್ರಾಯಿಂಗ್ ಹಾಳೆಯ ಮೇಲೆ ಅದು ಬಹಳ ಚೆನ್ನಾಗಿತ್ತು. ಸತುವಿನ ಬ್ಲಾಕ್ ಮಾಡಿಸಿ ಪತ್ರಿಕೆಯ ಒರಟು ಕಾಗದದ ಮೇಲೆ ಅಚ್ಚು ತೆಗೆಸಿದಾಗ ತಿಳಿ ಬೂದು ಬಣ್ಣವೆಲ್ಲ ಕಪ್ಪಾಗಿ ಕೂತಿತು. ಮನೆಗೆ ತಂದು ನನ್ನ ಗಂಡನಿಗೆ ತೋರಿಸಿದೆ. ಅವರು ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, "ಯಾರ ಮನೆಗೆ ಬೆಂಕಿ ಬಿತ್ತು?" ಎಂದರು. ಬ್ಲಾಕು ಮೂಲೆ ಸೇರಿತು.

ಎರಡನೆಯ ಪ್ರಯತ್ನ ಪೂರ್ತಿ ನನ್ನದೇ. ಪರಿಮಳವನ್ನು ವರ್ಣಿಸಲು ಆಗದಿದ್ದರೆ ಪರಿಮಳವನ್ನೇ ಕೊಟ್ಟುಬಿಡೋಣ ಎಂದೆ. ಬೆಣ್ಣೆ ಕಾಗದದ ಸಣ್ಣ ಲಕೋಟೆ, ಒಳಗೊಂದು ಕಡ್ಡಿ, ಮೂಸಲು ಅನುಕೂಲವಾಗಲೆಂದು ಮೇಲ್ಗಡೆ ಒಂದು ದುಂಡನೆಯ ಕಿಂಡಿ. ಕಿಂಡಿಯ ಕೆಳಗೆ ದಪ್ಪ ಅಕ್ಷರಗಳಲ್ಲಿ "ಮೂಸಿ ನೋಡಿ, ಆಮೇಲೆ ಕೊಳ್ಳಿ". ಮ್ಯಾನೇಜರರು ಭೇಷ್ ಎಂದರು. ಕಲಾವಿದರು ಭೇಷ್ ಎಂದರು. ಶೆಡ್ಡಿನ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, ಓದಿದವರು ಹೇಳುತ್ತಿದ್ದೀರಿ, ಆಗಲಿ ಎಂದರು. ಆ ಸುಮ್ಮನಿದ್ದದ್ದನ್ನು ನಾನು ಗಮನಿಸಬೇಕಿತ್ತು.

ಲಕೋಟೆಗಳನ್ನು ಚೀಲದಲ್ಲಿ ತುಂಬಿಕೊಂಡು ಅವರ ಮಾರಾಟಗಾರರು ಬಸವೇಶ್ವರನಗರದ ಕಡೆ ಹೋದರು. ರಾಜಾಜಿನಗರದ ಬೀದಿಗಳಿಗೆ ನಾನೇ ಹೋದೆ. ಮನೆಮನೆಯಲ್ಲೂ ನಗುನಗುತ್ತಾ ತೆಗೆದುಕೊಂಡರು. ಒಬ್ಬರು ಕುಡಿಯಲು ನೀರು ಕೊಟ್ಟರು. ಇನ್ನೊಬ್ಬರು ನನ್ನ ಸೀರೆ ಎಲ್ಲಿ ಕೊಂಡದ್ದೆಂದು ಕೇಳಿದರು. ಗೆದ್ದೆ ಎಂದುಕೊಂಡೆ.

ಮುಂದಿನ ವಾರ ಅಂಗಡಿಗಳಲ್ಲಿ ವಿಚಾರಿಸಿದರೆ ಒಂದು ಡಬ್ಬಿಯೂ ಖರ್ಚಾಗಿರಲಿಲ್ಲ. ಅದೇ ಬೀದಿಗೆ ಮತ್ತೆ ಹೋದೆ. ನೀರು ಕೊಟ್ಟಿದ್ದ ಆಕೆಯ ಮನೆಯ ಗೇಟಿನ ಬಳಿ ನಿಂತಾಗ ದವನದ ಪರಿಮಳ ಬಂತು. ಎದೆ ಉಬ್ಬಿತು. ಒಳಗೆ ಹೋದಂತೆ ಪರಿಮಳ ದೇವರ ಮನೆಯ ಕಡೆಯಿಂದಲ್ಲ, ಹಿತ್ತಲಿನ ಕಡೆಯಿಂದ ಬರುತ್ತಿದೆ ಎನ್ನಿಸಿತು. ನೋಡಿದರೆ ಕಕ್ಕಸಿನ ಕಿಟಕಿಯಲ್ಲಿ, ಗೋಡೆಯ ಸಂದಿಗೆ ಸಿಕ್ಕಿಸಿದ ನನ್ನ ಕಡ್ಡಿ ಹೊಗೆಯಾಡುತ್ತಿತ್ತು.

"ಆಂಟಿ, ಇದನ್ನ ದೇವರಿಗೆ ಹಚ್ಚಲಿಲ್ವಾ?" ಎಂದು ಹಿಂದೆಯೇ ಬಂದ ಮನೆಯಾಕೆಯನ್ನು ಕೇಳಿದೆ.

ಆಕೆ ನನ್ನ ಮುಖವನ್ನೇ ನೋಡಿದರು. "ನೀವೇ ಮೂಸಿ ನೋಡಿ ಅಂತ ಬರ್ಸಿದೀರಲ್ಲಮ್ಮ. ಮೂಸಿದ್ದನ್ನ ದೇವರಿಗೆ ಹಚ್ತಾರಾ? ನಾನು ಮೂಸ್ಲಿಲ್ಲ ಅಂತಾನೇ ಇಟ್ಕೊಳಿ. ಅಷ್ಟು ದೊಡ್ಡ ತೂತು ಮಾಡಿದೀರಿ, ನನ್ನ ಕೈಗೆ ಬರೋಕೆ ಮುಂಚೆ ಯಾರ್ಯಾರು ಮೂಸಿದಾರೋ. ಒಳ್ಳೆ ಕಡ್ಡಿ, ಬಿಸಾಕೋಕೆ ಮನಸ್ಸು ಬರ್ಲಿಲ್ಲ."

ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಚಿಕ್ಕವಳಿದ್ದಾಗ ಪೂಜೆಗೆಂದು ಬಿಡಿಸಿದ ಹೂವನ್ನು ಮೂಸಿದ್ದಕ್ಕೆ ಅಜ್ಜಿಯಿಂದ ಕೈಮೇಲೆ ಏಟು ತಿಂದವಳೇ ನಾನು. ಮೂಸಿದ ಹೂ ಎಂಜಲಿಗೆ ಸಮ, ದೇವರಿಗೆ ಏರಿಸುವಂತಿಲ್ಲ. ಅದೇ ನಿಯಮ ಕಡ್ಡಿಗೂ. ನಮ್ಮ ಕಚೇರಿಯಲ್ಲಿ ಇದನ್ನು ಅರಿಯದ ಒಬ್ಬರೂ ಇರಲಿಲ್ಲ. ಆದರೂ ಜಾಹೀರಾತು ಎಂದ ಕೂಡಲೇ ಎಲ್ಲರೂ ನಮ್ಮ ನಮ್ಮ ಮನೆಗಳನ್ನು ಮರೆತು ಬಾಂಬೆಯವರಂತೆ ಯೋಚಿಸಿದ್ದೆವು. ಕನ್ನಡದಲ್ಲೇ ಬರೆಯುತ್ತೇನೆ ಎಂದು ಜಂಬ ಕೊಚ್ಚಿದ ನಾನು ಎಲ್ಲರಿಗಿಂತ ಮುಂದೆ. ಉಳಿದ ಮನೆಗಳ ಬಾಗಿಲು ತಟ್ಟದೆ ಆ ಬೀದಿಯಿಂದ ಹೊರಬಂದೆ.

ಸುದ್ದಿ ನನಗಿಂತ ಮೊದಲೇ ಶೆಡ್ಡು ತಲುಪಿತ್ತು. ಮರುದಿನ ಯಜಮಾನರು ಕಚೇರಿಗೇ ಬಂದರು. ಕೂಗಾಡಲಿಲ್ಲ. ಕುರ್ಚಿಯ ಅಂಚಿನಲ್ಲಿ ಕೂತು, "ದೇವರ ಕಡ್ಡೀನ ಕಕ್ಕಸಿಗೆ ಇಳಿಸ್ಬಿಟ್ರಲ್ಲಮ್ಮ" ಎಂದಷ್ಟೇ ಹೇಳಿದರು. ಕೂಗಾಡಿದ್ದರೆ ತಡೆದುಕೊಳ್ಳಬಹುದಿತ್ತು.

ಅವರು ಹೋದ ಮೇಲೆ ಮ್ಯಾನೇಜರರು ಟೈಪಿಸ್ಟನ್ನು ಕರೆದು ಬಾಂಬೆಗೆ ಕಾಗದ ಹೇಳಿ ಬರೆಸಲು ಶುರುಮಾಡಿದರು. ನಾನು ಅವರ ಮೇಜಿನ ಮುಂದೆ ಹೋಗಿ ನಿಂತೆ.

"ಸಾರ್, ಈ ವಾರ ಒಂದು ಬಿಡಿ."

"ಇನ್ನೇನು ಮಾಡ್ತೀಯಮ್ಮ?"

"ಗೊತ್ತಿಲ್ಲ. ಆದ್ರೆ ತಪ್ಪು ಎಲ್ಲಿ ಅಂತ ಗೊತ್ತಾಗಿದೆ. ಬಾಂಬೆಯವರಿಗೆ ಅದೂ ಗೊತ್ತಿಲ್ಲ."

ಅವರು ಟೈಪಿಸ್ಟಿಗೆ ಆಮೇಲೆ ಬಾ ಎಂದರು. ಶನಿವಾರದವರೆಗೆ ಅವಕಾಶ ಸಿಕ್ಕಿತು. ಸೋತು ಮತ್ತೆ ಸೋಪಿನ ಹೆಂಗಸಿನ ಚರ್ಮಕ್ಕೆ ಮರಳುವ ಯೋಚನೆಯೇ ನನಗೆ ಸಿಟ್ಟು ತರಿಸುತ್ತಿತ್ತು. ಅದೇ ಸಿಟ್ಟಿನಲ್ಲಿ ಕಚೇರಿಯಲ್ಲಿ ಕೂತು ಹಾಳೆಗಳನ್ನು ತುಂಬಿಸಿದೆ, ಹರಿದೆ, ಮತ್ತೆ ತುಂಬಿಸಿದೆ.

ಆಷಾಢ ನಡೆಯುತ್ತಿತ್ತು. ಮದುವೆ ಮುಂಜಿ ಯಾವುದೂ ಇಲ್ಲ, ಹಬ್ಬ ಇನ್ನೂ ದೂರ. ಬುಧವಾರ ಸಂಜೆ ಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಾ ಕೂತಿದ್ದೆ. ಅತ್ತೆ ದೀಪ ಹಚ್ಚಿ, ನಾನು ಶೆಡ್ಡಿನಿಂದ ತಂದಿದ್ದ ಹೊಸ ಡಬ್ಬಿ ಒಡೆದು ಎರಡು ಕಡ್ಡಿ ದೇವರ ಮುಂದೆ ಸಿಕ್ಕಿಸಿದರು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಬೇಕೆಂದು ಬಟ್ಟಲು ಹಿಡಿದು ಬಂದರು. ಬಂದವರು ಹೊಸ್ತಿಲ ಬಳಿಯೇ ನಿಂತರು. ನಡುಮನೆಯತ್ತ ಕಣ್ಣು ಹಾಯಿಸಿದರು, ಯಾರಾದರೂ ನೆಂಟರು ಬಂದಿದ್ದಾರೆಯೇ ಎಂದು. ದೇವರ ಮನೆಯತ್ತ ನೋಡಿದರು.

"ಏನ್ರೀ ವಿಶೇಷ ಇವತ್ತು?" ಎಂದರು.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, "ಏನೂ ಇಲ್ಲಪ್ಪ. ಬುಧವಾರ" ಎಂದರು.

ಅದನ್ನು ಹೇಳುವಾಗ ಅವರ ಮುಖದಲ್ಲಿದ್ದ ಗತ್ತನ್ನು ನೋಡಬೇಕಿತ್ತು. ಮಗನಿಗೆ ಬಡ್ತಿ ಬಂದ ದಿನವೂ ಅಷ್ಟು ಗತ್ತು ಇರಲಿಲ್ಲ. ಪಕ್ಕದ ಮನೆಯಾಕೆ ಮಜ್ಜಿಗೆ ತೆಗೆದುಕೊಂಡ ಮೇಲೂ ಹೊರಡಲಿಲ್ಲ. ಅದು ಇದು ಮಾತಾಡಿ, ಕೊನೆಗೆ, "ಯಾವ ಕಡ್ಡಿರೀ ಅದು?" ಎಂದು ಕೇಳಿಯೇ ಹೋದರು.

ನಾನು ಚಾಕು ಕೆಳಗಿಟ್ಟೆ. ಆಕೆ ಒಮ್ಮೆಯೂ ಮೂಗನ್ನು ಮುಂದೆ ಚಾಚಲಿಲ್ಲ. ಪರಿಮಳ ಎಂಬ ಮಾತೂ ಆಡಲಿಲ್ಲ. ಅಷ್ಟು ದಿನ ನಾನು ಕಡ್ಡಿ ಹೇಗಿದೆ ಎಂದು ಹೇಳಲು ಒದ್ದಾಡುತ್ತಿದ್ದೆ. ಕಡ್ಡಿ ಕೊಳ್ಳುವ ಹೆಂಗಸಿಗೆ ಬೇಕಾದದ್ದು ಬಾಗಿಲಲ್ಲಿ ನಿಂತವರು ಕೇಳುವ ಆ ಒಂದು ಪ್ರಶ್ನೆ. ಅದನ್ನು ಪತ್ರಿಕೆಯಲ್ಲಿ ತೋರಿಸಬಹುದು, ರೇಡಿಯೊದಲ್ಲಿ ಕೇಳಿಸಬಹುದು.

"ಅತ್ತೆ, ಮೂಸಿದ್ದು ದೇವರಿಗೆ ಆಗಲ್ಲ ಅಂತೀರಲ್ಲ. ಹಚ್ಚಿದ ಮೇಲೆ ನಾವೆಲ್ಲ ಮೂಸ್ತಾನೇ ಇರ್ತೀವಲ್ಲ, ಅದು?"

"ಅದು ಪ್ರಸಾದ ಇದ್ದ ಹಾಗೆ ಕಣೇ. ಮೊದಲು ಅವನಿಗೆ, ಆಮೇಲೆ ನಮಗೆ. ಹುರುಳಿಕಾಯಿ ಹೆಚ್ಚು, ಹೊತ್ತಾಯ್ತು."

ಶನಿವಾರ ಕಚೇರಿಯಲ್ಲಿ ಶೆಡ್ಡಿನ ಯಜಮಾನರೂ ಇದ್ದರು. ನಾನು ಬರೆದ ಜಾಹೀರಾತನ್ನು ಓದಿದೆ. ಚಿತ್ರದಲ್ಲಿ ಅರ್ಧ ತೆರೆದ ಬಾಗಿಲು, ಹೊಸ್ತಿಲಲ್ಲಿ ಬಟ್ಟಲು ಹಿಡಿದ ಹೆಂಗಸು, ಒಳಗೆ ನಿಂತ ಮನೆಯಾಕೆ. ಕಡ್ಡಿಯೂ ಇಲ್ಲ, ಹೊಗೆಯೂ ಇಲ್ಲ. "ಏನ್ರೀ ವಿಶೇಷ ಇವತ್ತು?" "ಏನೂ ಇಲ್ಲಪ್ಪ. ಬುಧವಾರ." ಕೆಳಗೆ ಕಡ್ಡಿಯ ಹೆಸರು. ಮನೆಗಳಿಗೆ ಹಂಚಲು ಹೊಸ ಲಕೋಟೆ, ಕಿಂಡಿ ಇಲ್ಲದ್ದು, ಮೇಣದ ಕಾಗದದಲ್ಲಿ ಎರಡು ಸುತ್ತು ಸುತ್ತಿ ಅಂಟಿಸಿದ್ದು. ಅದರ ಮೇಲೆ "ಮೂಸಬೇಡಿ. ಮೊದಲು ದೇವರಿಗೆ."

ಮ್ಯಾನೇಜರರು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಇನ್ನೊಮ್ಮೆ ಓದಿದರು.

"ಪರಿಮಳ ಅನ್ನೋ ಮಾತೇ ಇಲ್ಲವಲ್ಲಮ್ಮ ಇದರಲ್ಲಿ" ಎಂದರು ಮ್ಯಾನೇಜರರು. "ಒಂದೇ ಒಂದು ಕಡೆ ಸೇರಿಸು. ಸುವಾಸಿತ ಅಂತಾದ್ರೂ ಹಾಕು."

"ಸೇರಿಸಲ್ಲ ಸಾರ್. ಆ ಮಾತು ಬಂದ ತಕ್ಷಣ ಇದು ಎಲ್ಲರ ಜಾಹೀರಾತಿನ ಹಾಗೆ ಆಗತ್ತೆ. ಪಕ್ಕದ ಮನೆಯವರು ಯಾಕೆ ಹಾಗೆ ಕೇಳಿದರು ಅಂತ ಓದುವವಳೇ ಯೋಚಿಸಲಿ. ಯೋಚಿಸಿದಾಗ ಅವಳ ಮೂಗಿಗೆ ಅದು ಬರತ್ತೆ."

"ಅಲ್ಲಮ್ಮ, ಮೂಸಬೇಡಿ ಅಂತ ಬೋರ್ಡ್ ಹಾಕ್ಕೊಂಡು ಯಾರಾದ್ರೂ ಯಾಪಾರ ಮಾಡ್ತಾರಾ?" ಎಂದರು ಶೆಡ್ಡಿನ ಯಜಮಾನರು.

"ಮೂಸಿ ಅಂತ ಹಾಕಿ ನೋಡಿದ್ವಲ್ಲ ಯಜಮಾನ್ರೆ. ಎಲ್ಲಿಗೆ ಹೋಯ್ತು ಅಂತ ನಿಮಗೇ ಗೊತ್ತು."

ನನ್ನ ಬಾಯಿಂದ ಅದು ಬಂದೇಬಿಟ್ಟಿತು. ಮ್ಯಾನೇಜರರು ಕಣ್ಣು ಮುಚ್ಚಿಕೊಂಡರು. ಯಜಮಾನರು ಮಾತ್ರ ನಿಧಾನವಾಗಿ ನಗತೊಡಗಿದರು, ಹೊಟ್ಟೆ ಕುಲುಕುವಷ್ಟು ನಕ್ಕರು. "ದಿಟ ಕಣಮ್ಮ. ನಮ್ಮನೆಯೋಳೂ ಆವತ್ತೇ ಅಂದ್ಲು, ನಾನೇ ನಿಮ್ಗೆ ಹೇಳೋಕೆ ಸಂಕೋಚ ಪಟ್ಕೊಂಡೆ. ಹಾಕಿ. ಹಿಂಗೇ ಹಾಕಿ. ಒಂದಕ್ಷರ ಸೇರಿಸ್ಬೇಡಿ."

ರೇಡಿಯೊಗೆ ಹದಿನೈದು ಸೆಕೆಂಡಿನ ತುಣುಕು ಮಾಡಿಸುವಾಗ ಇನ್ನೊಂದು ಜಗಳ. ನಾಟಕದ ಅನುಭವವಿದ್ದ ಇಬ್ಬರು ಕಲಾವಿದೆಯರು ಬಂದಿದ್ದರು. ಪಕ್ಕದ ಮನೆಯಾಕೆಯ ಪಾತ್ರದವರು ಮಾತಿಗೆ ಮೊದಲು ಮೈಕಿನ ಮುಂದೆ ಉದ್ದಕ್ಕೆ ಉಸಿರೆಳೆದು "ಆಹಾ" ಎಂದರು. ನಾನು ನಿಲ್ಲಿಸಿದೆ. ಬಾಗಿಲ ಚಿಲಕ ತೆಗೆದ ಸದ್ದು, ಆಮೇಲೆ ಏನೂ ಇಲ್ಲ, ಆಮೇಲೆ ಪ್ರಶ್ನೆ, ಅಷ್ಟು ಸಾಕು ಎಂದೆ. ನಡುವೆ ಏನೂ ಇಲ್ಲದಿದ್ದರೆ ಕೇಳುವವರು ರೇಡಿಯೊ ಕೆಟ್ಟಿತೆಂದುಕೊಳ್ಳುತ್ತಾರೆ ಎಂದು ಧ್ವನಿಮುದ್ರಣ ಮಾಡುವವರು ವಾದಿಸಿದರು. ಎರಡೂ ರೀತಿ ಮುದ್ರಿಸಿ ಹಾಕಿಸಿ ಕೇಳಿದೆವು. "ಆಹಾ" ಇದ್ದದ್ದರಲ್ಲಿ ಒಬ್ಬಳು ನಟಿ ಇದ್ದಳು. ಇಲ್ಲದ್ದರಲ್ಲಿ ಒಬ್ಬಾಕೆ ಬಾಗಿಲಲ್ಲಿ ಬಂದು ನಿಂತಿದ್ದಳು, ಏನನ್ನೋ ಗಮನಿಸಿದ್ದಳು. ಧ್ವನಿಮುದ್ರಣದವರೇ ಮೊದಲನೆಯದನ್ನು ಅಳಿಸಿಹಾಕಿದರು.

ಹೊಸ ಲಕೋಟೆ ಹಿಡಿದು ರಾಜಾಜಿನಗರದ ಅದೇ ಬೀದಿಗೆ ಹೋಗಲು ನನಗೆ ಧೈರ್ಯ ಬೇಕಾಯಿತು. ಬೇರೆ ಬೀದಿಯಿಂದ ಶುರುಮಾಡಿ ಎಂದು ಮಾರಾಟಗಾರರು ಹೇಳಿದ್ದರು. ಅಲ್ಲಿಗೇ ಹೋಗಬೇಕು ಎಂದು ನಾನು ಹಠ ಹಿಡಿದೆ. ಅಲ್ಲಿ ಒಪ್ಪದಿದ್ದರೆ ಎಲ್ಲಿ ಒಪ್ಪಿದರೂ ನನಗೆ ಸಮಾಧಾನವಿರುತ್ತಿರಲಿಲ್ಲ. ನೀರು ಕೊಟ್ಟಿದ್ದ ಆಕೆ ಬಾಗಿಲು ತೆರೆದು ನನ್ನನ್ನು ನೋಡಿ ಹುಬ್ಬೇರಿಸಿದರು. ಲಕೋಟೆ ತೆಗೆದುಕೊಂಡು ಮೇಲಿನ ಅಕ್ಷರ ಓದಿದರು. ತಿರುಗಿಸಿ ಕಿಂಡಿ ಇದೆಯೇ ಎಂದು ನೋಡಿದರು. ಅದನ್ನು ಹಿಡಿದು ಒಳಗೆ ಹೋದರು. ನಾನು ನಿಂತಲ್ಲಿಂದ ಬಗ್ಗಿ ನೋಡಿದೆ. ಹಿತ್ತಲಿಗೆ ಹೋಗಲಿಲ್ಲ. ದೇವರ ಮನೆಯ ಗೂಡಿನಲ್ಲಿಟ್ಟು, ಕುಂಕುಮದ ಭರಣಿ ಹಿಡಿದು ಹೊರಬಂದರು.

ಶ್ರಾವಣದ ಹೊತ್ತಿಗೆ ಅಂಗಡಿಗಳಲ್ಲಿ ಕಡ್ಡಿಯ ಹೆಸರು ಯಾರ ಬಾಯಲ್ಲೂ ಇರಲಿಲ್ಲ. "ಆ ಬುಧವಾರದ ಕಡ್ಡಿ ಕೊಡಿ" ಎಂದೇ ಕೇಳುತ್ತಿದ್ದರು. ಬಾಪೂಜಿನಗರದ ಒಬ್ಬ ಅಂಗಡಿಯವರು, ಬುಧವಾರ ಬಿಟ್ಟು ಬೇರೆ ದಿನ ಹಚ್ಚಬಹುದೇ ಎಂದು ಗಿರಾಕಿಗಳು ಕೇಳುತ್ತಾರೆ, ಏನು ಹೇಳಲಿ ಎಂದು ಮಾರಾಟಗಾರರನ್ನು ವಿಚಾರಿಸಿದರಂತೆ. ಶೆಡ್ಡಿನಲ್ಲಿ ಹೊಸೆಯುವ ಹೆಂಗಸರ ಸಾಲು ಜಗಲಿಯವರೆಗೆ ಬಂದಿತ್ತು.

ಗೌರಿ ಹಬ್ಬ ಮುಗಿದ ಮೇಲೆ ಮ್ಯಾನೇಜರರು ಬಾಂಬೆಯಿಂದ ಬಂದ ಕಾಗದ ಹಿಡಿದು ನನ್ನ ಮೇಜಿಗೆ ಬಂದರು. ಅವರ ಮುಖದಲ್ಲಿ ಸಂತೋಷವೂ ಇತ್ತು, ಪೇಚಾಟವೂ ಇತ್ತು.

"ನಿನ್ನ ಜಾಹೀರಾತು ಬೇರೆ ಊರುಗಳಿಗೂ ಬೇಕಂತಮ್ಮ. ಬುಧವಾರದ ವಿಶೇಷ ಏನು ಅಂತ ಕೇಳಿದಾರೆ. ಬೇಗ ಒಂದು ಇಂಗ್ಲಿಷ್ ಅನುವಾದ ಮಾಡಿ ಕಳಿಸ್ಬೇಕಂತೆ."

ನನ್ನ ಮುಂದೆ ಇಂಗಿನ ಡಬ್ಬಿ ತೆರೆದಿತ್ತು. ಅದನ್ನು ತಯಾರಿಸುವವರು ಮೈಸೂರು ರಸ್ತೆಯಿಂದ ಹುಡುಕಿಕೊಂಡು ಬಂದು, ಕನ್ನಡದಲ್ಲೇ ಬರೆಸಿಕೊಡಿ ಎಂದು ಕೊಟ್ಟು ಹೋಗಿದ್ದರು. ಕಚೇರಿಯವರೆಲ್ಲ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರು.

"ಅವರ ಹತ್ರ ಅನುವಾದಕರು ಇರ್ತಾರಲ್ಲ ಸಾರ್, ಅವರ ಕೈಲಿ ಮಾಡಿಸ್ಕೊಳ್ಳಲಿ" ಎಂದೆ. "ನನಗೆ ಬರೆಯೋದಿದೆ."